ಕೂಸಿನ ಹಗಲು ನಿದ್ದೆ: ಶಿಶುಪಾಲನಾ ಕೇಂದ್ರಗಳ ಹೊಣೆ

ಎಳೆಯ ಮಕ್ಕಳ ಬಗ್ಗೆ ಸಾರ್ವಜನಿಕ ವೇದಿಕೆಗಳಲ್ಲಿ ಮಾತನಾಡುವವರು ಸಾಮಾನ್ಯವಾಗಿ ಆಹಾರ, ಲಸಿಕೆ, ತೂಕ, ಕಲಿಕೆ ಈ ನಾಲ್ಕರ ಸುತ್ತ ಮಾತು ಹೆಣೆಯುತ್ತಾರೆ. ನಿದ್ದೆಯ ಪ್ರಸ್ತಾಪ ಬರುವುದು ಅಪರೂಪ. ಆದರೆ ಒಂದು ವರ್ಷದೊಳಗಿನ ಕೂಸು ದಿನದ ಅರ್ಧವನ್ನು, ಎಷ್ಟೋ ಸಲ ಅದಕ್ಕಿಂತ ಹೆಚ್ಚಿನ ಹೊತ್ತನ್ನು ನಿದ್ದೆಯಲ್ಲೇ ಕಳೆಯುತ್ತದೆ. ಅದರಲ್ಲಿ ಹಗಲಿನ ಪಾಲು, ತಾಯಿ ದುಡಿಯಲು ಹೋಗುವ ಮನೆಗಳಲ್ಲಿ, ಶಿಶುಪಾಲನಾ ಕೇಂದ್ರದಲ್ಲೇ ಆಗಬೇಕು. ಆ ಹಗಲು ನಿದ್ದೆಯೇ ಇಂದಿನ ನನ್ನ ವಿಷಯ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಕೂಸು ಮಲಗಿದ ಹೊತ್ತನ್ನು ನಾವು ಆರೈಕೆಗೆ ಸಿಗುವ ಬಿಡುವು ಎಂದು ಎಣಿಸುತ್ತ ಬಂದಿದ್ದೇವೆ. ವಾಸ್ತವದಲ್ಲಿ ಅದು ಆರೈಕೆಯಲ್ಲಿ ಹೆಚ್ಚಿನ ಎಚ್ಚರ ಬೇಡುವ ಹೊತ್ತು. ಹಾಗಾಗಿ ಕೇಂದ್ರದ ವೇಳಾಪಟ್ಟಿ ಕೂಸಿನ ನಿದ್ದೆಗೆ ಒಗ್ಗಬೇಕು, ಅದಕ್ಕೆ ಬೇಕಾದ ಕೈಗಳನ್ನೂ ತರಬೇತಿಯನ್ನೂ ಕೊಡುವುದು ಸಮಾಜದ ಹೊಣೆ. ಈ ಮಾತನ್ನು ನಾಲ್ಕು ಭಾಗಗಳಲ್ಲಿ ವಿವರಿಸುತ್ತೇನೆ: ದುಡಿಯುವ ತಾಯಿ ಮತ್ತು ಮಲಗುವ ಕೂಸಿನ ಚರಿತ್ರೆ, ನಿದ್ದೆ ಕೂಸಿಗೆ ಮಾಡುವ ಉಪಕಾರ, ಮಲಗಿಸುವ ಕ್ರಮ, ಕೊನೆಗೆ ಸುರಕ್ಷತೆ. ಆಮೇಲೆ ಈ ವಾದಕ್ಕೆ ಬರಬಹುದಾದ ಆಕ್ಷೇಪಣೆಗಳನ್ನು ಪರಿಶೀಲಿಸೋಣ.

ಮೊದಲು ಚರಿತ್ರೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳಿಗೆ ದುಡಿಯಲು ಹೋಗುತ್ತಿದ್ದ ತಾಯಂದಿರಲ್ಲಿ ಬಹಳ ಮಂದಿ ಕೂಸಿಗೆ ಅಫೀಮಿನ ಪುಟ್ಟ ಗುಳಿಗೆ ಕೊಟ್ಟು ಹೋಗುತ್ತಿದ್ದರು. ಪಾಳಿ ಮುಗಿಯುವವರೆಗೆ ಕೂಸು ಹಸಿವನ್ನೂ ಮರೆತು ಮಂಪರಿನಲ್ಲಿ ಬಿದ್ದಿರುತ್ತಿತ್ತು. ಅಂದಿನ ಸರ್ಕಾರಿ ವಿಚಾರಣೆಗಳಲ್ಲಿ ಈ ರೂಢಿ ದಾಖಲಾಗಿದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಕೈಗಾರಿಕಾ ಪಟ್ಟಣಗಳಲ್ಲೂ ಇದೇ ನಡೆದಿತ್ತು. ಅಲ್ಲಿ ಗಾಡ್‌ಫ್ರೇಸ್ ಕಾರ್ಡಿಯಲ್ ಎಂಬ ಅಫೀಮು ಬೆರೆತ ಪಾನಕ ಅಂಗಡಿಗಳಲ್ಲಿ ಸಲೀಸಾಗಿ ಸಿಗುತ್ತಿತ್ತು. ಆ ತಾಯಂದಿರನ್ನು ದೂರಿ ಫಲವಿಲ್ಲ. ಕೂಸನ್ನು ನೋಡಿಕೊಳ್ಳುವವರಿಲ್ಲದ ಕಡೆ, ಬಿಟ್ಟು ಹೋಗದೆ ಗತಿಯಿಲ್ಲದ ಕಡೆ, ಗುಳಿಗೆಯೊಂದೇ ಆಯಾ ಆಗಿತ್ತು. ಆದರೆ ಈ ಚರಿತ್ರೆ ಒಂದು ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ: ಕೂಸು ಮಲಗುವುದು ಯಾರ ಅಗತ್ಯಕ್ಕಾಗಿ? ದೊಡ್ಡವರ ಅನುಕೂಲಕ್ಕಾಗಿ ಮಲಗಿಸುವುದು ಬೇರೆ, ಕೂಸಿಗೆ ಬೇಕಾದಾಗ ಮಲಗಗೊಡುವುದು ಬೇರೆ. ಅಫೀಮಿನ ಕಾಲ ಮುಗಿದಿದೆ, ಆದರೆ ಪ್ರಶ್ನೆ ಮುಗಿದಿಲ್ಲ. ನೆಗಡಿಯ ಸಿರಪ್ಪು ಕೊಟ್ಟರೆ ಮಗು ಚೆನ್ನಾಗಿ ಮಲಗುತ್ತದೆ ಎಂಬ ಮಾತು ಇಂದಿಗೂ ಕಿವಿಗೆ ಬೀಳುತ್ತದೆ. ಅಂಥ ಸಿರಪ್ಪುಗಳಲ್ಲಿ ಸಾಮಾನ್ಯವಾಗಿರುವ ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಜೋಡಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಬಾಟಲಿಯ ಮೇಲೆಯೇ ಎಚ್ಚರಿಕೆ ಮುದ್ರಿಸಬೇಕು ಎಂದು ದೇಶದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಸೂಚಿಸಬೇಕಾಯಿತು.

ಕಾನೂನು ಈ ಪ್ರಶ್ನೆಯ ಕಡೆಗೆ ನಿಧಾನವಾಗಿ ನಡೆದುಬಂದಿದೆ. 1948ರ ಕಾರ್ಖಾನೆ ಕಾಯ್ದೆ ಐವತ್ತಕ್ಕಿಂತ ಹೆಚ್ಚು, ಮುಂದೆ ತಿದ್ದುಪಡಿಯಾದ ಮೇಲೆ ಮೂವತ್ತಕ್ಕಿಂತ ಹೆಚ್ಚು, ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕೆಂದಿತು. 1951ರ ತೋಟ ಕಾರ್ಮಿಕರ ಕಾಯ್ದೆ ಚಹಾ, ಕಾಫಿ, ರಬ್ಬರ್ ತೋಟಗಳಿಗೂ ಇಂಥದೇ ಹೊಣೆ ಹೊರಿಸಿತು. ನಮ್ಮ ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಿಗೆ ಶಿಶುಗೃಹದ ಕಲ್ಪನೆ ಕಾನೂನಾಗಿ ಬಂದದ್ದು ಹೀಗೆ. ಕಟ್ಟಡ ಕೆಲಸದ ಜಾಗಗಳಿಗೆ ಯಾವ ಕಾಯ್ದೆಯೂ ಸರಿಯಾಗಿ ತಲುಪದಿದ್ದ ಕಾಲದಲ್ಲಿ, 1969ರಲ್ಲಿ, ಮೀರಾ ಮಹಾದೇವನ್ ಅವರು ದೆಹಲಿಯಲ್ಲಿ ಮೊಬೈಲ್ ಕ್ರೆಶಸ್ ಸಂಸ್ಥೆಯನ್ನು ಆರಂಭಿಸಿ, ಕೂಲಿಕಾರರ ಮಕ್ಕಳನ್ನು ಇಟ್ಟಿಗೆ, ಜಲ್ಲಿಯ ರಾಶಿಗಳ ನಡುವಿನಿಂದ ನೆರಳಿಗೆ ತಂದರು. 2005ರ ಉದ್ಯೋಗ ಖಾತರಿ ಕಾಯ್ದೆ, ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಮಹಿಳೆಯನ್ನು ನೇಮಿಸಬೇಕೆಂದಿತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ ಇಪ್ಪತ್ತಾರು ವಾರಗಳ ರಜೆ ಕೊಟ್ಟು, ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಸೌಲಭ್ಯವನ್ನು ಕಡ್ಡಾಯ ಮಾಡಿ, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದೆಂದಿತು. ನಮ್ಮ ರಾಜ್ಯ 2023ರಲ್ಲಿ ಘೋಷಿಸಿದ ಕೂಸಿನ ಮನೆ ಯೋಜನೆ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ ಜಾಗ ಮಾಡುವ ಗುರಿ ಇಟ್ಟುಕೊಂಡಿತು. ಇಪ್ಪತ್ತಾರು ವಾರ ಎಂದರೆ ಆರು ತಿಂಗಳು. ಅಂದರೆ ರಜೆ ಮುಗಿದು ತಾಯಿ ಕೆಲಸಕ್ಕೆ ಮರಳುವಾಗ ಕೂಸು ಹಗಲಿನಲ್ಲಿ ಎರಡು ಮೂರು ಸಲ ಮಲಗುವ ವಯಸ್ಸಿನಲ್ಲಿರುತ್ತದೆ. ಕಾನೂನು ಕೋಣೆ ಕೊಟ್ಟಿದೆ. ಆ ಕೋಣೆಯಲ್ಲಿ ಕೂಸು ಹೇಗೆ ಮಲಗಬೇಕೆಂಬುದನ್ನು ನಾವು ಯೋಚಿಸಬೇಕಾಗಿದೆ.

ಇನ್ನು ಎರಡನೆಯ ಭಾಗಕ್ಕೆ ಬರೋಣ: ನಿದ್ದೆ ಕೂಸಿಗೆ ಏನು ಮಾಡುತ್ತದೆ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ದಿನದ ಇಪ್ಪತ್ನಾಲ್ಕು ಗಂಟೆಗಳಲ್ಲಿ, ಹಗಲು ನಿದ್ದೆಯೂ ಸೇರಿ, ಮೂರು ತಿಂಗಳವರೆಗಿನ ಕೂಸಿಗೆ 14ರಿಂದ 17 ಗಂಟೆ, ನಾಲ್ಕರಿಂದ ಹನ್ನೊಂದು ತಿಂಗಳವರೆಗೆ 12ರಿಂದ 16 ಗಂಟೆ, ಒಂದರಿಂದ ಎರಡು ವರ್ಷದವರೆಗೆ 11ರಿಂದ 14 ಗಂಟೆ ನಿದ್ದೆ ಬೇಕು. ಈ ನಿದ್ದೆ ಯಾವಾಗ ಬರುತ್ತದೆ ಎಂಬುದಕ್ಕೆ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ಮಂಡಿಸಿದ ವಿವರಣೆಯನ್ನು ವಿಜ್ಞಾನಿಗಳು ಇಂದಿಗೂ ಆಧಾರವಾಗಿ ಇಟ್ಟುಕೊಂಡಿದ್ದಾರೆ. ಎಚ್ಚರವಿದ್ದಷ್ಟು ಹೊತ್ತೂ ಏರುತ್ತ ಹೋಗುವ ನಿದ್ದೆಯ ಒತ್ತಡ ಒಂದು, ಹಗಲು ರಾತ್ರಿಗಳನ್ನು ಗುರುತಿಸುವ ದೇಹದ ಒಳಗಡಿಯಾರ ಇನ್ನೊಂದು. ಇವೆರಡೂ ಕೂಡಿ ನಿದ್ದೆಯನ್ನು ನಡೆಸುತ್ತವೆ. ಹುಟ್ಟಿದ ಹೊಸದರಲ್ಲಿ ಈ ಒಳಗಡಿಯಾರ ಇನ್ನೂ ಕುದುರಿರುವುದಿಲ್ಲ. ಎರಡು ಮೂರು ತಿಂಗಳ ಹೊತ್ತಿಗೆ ಹಗಲು ರಾತ್ರಿಯ ವ್ಯತ್ಯಾಸ ಕಾಣತೊಡಗುತ್ತದೆ. ನಿದ್ದೆಯ ಒತ್ತಡವಾದರೋ ಎಳೆಯ ಮಿದುಳಿನಲ್ಲಿ ಬಲು ಬೇಗ ಏರುತ್ತದೆ. ದೊಡ್ಡವರು ಹದಿನಾರು ಗಂಟೆ ಎಚ್ಚರವಿದ್ದು ಪಡುವ ದಣಿವನ್ನು ನಾಲ್ಕೈದು ತಿಂಗಳ ಕೂಸು ಎರಡು ಗಂಟೆಯ ಆಸುಪಾಸಿನಲ್ಲೇ ಪಡುತ್ತದೆ. ಅದಕ್ಕೇ ಆ ವಯಸ್ಸಿನಲ್ಲಿ ಹಗಲಿಗೆ ಮೂರು ನಾಲ್ಕು ನಿದ್ದೆ, ಒಂಬತ್ತು ಹತ್ತು ತಿಂಗಳಿಗೆ ಎರಡು, ಒಂದೂವರೆ ವರ್ಷದ ಹೊತ್ತಿಗೆ ಒಂದು. ಹೀಗಿರುವಾಗ ಆರು ತಿಂಗಳ ಕೂಸನ್ನೂ ಎರಡೂವರೆ ವರ್ಷದ ಮಗುವನ್ನೂ ಮಧ್ಯಾಹ್ನ ಒಂದು ಗಂಟೆಗೆ ಒಟ್ಟಿಗೆ ಚಾಪೆಗೆ ಹಾಕುವುದು ಶಿಸ್ತಿನಂತೆ ಕಂಡರೂ ಕೂಸಿನ ಮೈ ಒಪ್ಪುವ ಏರ್ಪಾಡಲ್ಲ. ಹತ್ತು ಗಂಟೆಗೇ ಮಲಗಬೇಕಾಗಿದ್ದ ಕೂಸು ಒಂದು ಗಂಟೆಯ ಹೊತ್ತಿಗೆ ದಣಿವು ಮೀರಿ ರಚ್ಚೆ ಹಿಡಿಯುತ್ತದೆ. ಆಗ ಅದನ್ನು ಹಟಮಾರಿ ಎಂದು ಕರೆಯುವುದು ಅನ್ಯಾಯ.

ನಿದ್ದೆಯ ಒಳಗೂ ನೋಡಬೇಕಾದದ್ದಿದೆ. ಕೂಸಿನ ನಿದ್ದೆಯ ಒಂದು ಸುತ್ತು ಐವತ್ತರಿಂದ ಅರವತ್ತು ನಿಮಿಷದ್ದು. ಅದರಲ್ಲಿ ಒಂದು ದೊಡ್ಡ ಪಾಲು, ಎಳೆಯ ಕೂಸಿನಲ್ಲಿ ಸುಮಾರು ಅರ್ಧದಷ್ಟು, ಚಟುವಟಿಕೆಯ ನಿದ್ದೆ. ರೆಪ್ಪೆಯ ಕೆಳಗೆ ಕಣ್ಣು ಹೊರಳುತ್ತದೆ, ತುಟಿ ನಗುತ್ತದೆ, ಕೈಕಾಲು ಅದಿರುತ್ತದೆ, ನಡುನಡುವೆ ನರಳುವ ಸದ್ದೂ ಬರುತ್ತದೆ. ಇದನ್ನು ತಿಳಿಯದವರು ಕೂಸು ಎದ್ದಿತೆಂದು ಎತ್ತಿಕೊಂಡು ನಿದ್ದೆ ಮುರಿಯುತ್ತಾರೆ. ತಿಳಿದವರು ಒಂದೆರಡು ನಿಮಿಷ ಕಾದು ನೋಡುತ್ತಾರೆ. ಹಗಲು ನಿದ್ದೆ ಕಲಿಕೆಗೂ ಬೇಕು. ಜರ್ಮನಿಯ ಸಬೀನ್ ಸೀಹಾಗನ್ ಮತ್ತು ಅವರ ಸಹೋದ್ಯೋಗಿಗಳು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರು ಮತ್ತು ಹನ್ನೆರಡು ತಿಂಗಳ ಕೂಸುಗಳಿಗೆ ಕೈಗೊಂಬೆಯೊಂದರಿಂದ ಮಾಡುವ ಕೆಲವು ಕ್ರಿಯೆಗಳನ್ನು ತೋರಿಸಲಾಯಿತು. ನೋಡಿದ ನಾಲ್ಕು ಗಂಟೆಯೊಳಗೆ ಕನಿಷ್ಠ ಅರ್ಧ ಗಂಟೆ ಒಂದೇ ಸಮನೆ ಮಲಗಿದ ಕೂಸುಗಳು ಆ ಕ್ರಿಯೆಗಳನ್ನು ನೆನಪಿಟ್ಟು ಮಾಡಿ ತೋರಿಸಿದವು. ಹಾಗೆ ಮಲಗದ ಕೂಸುಗಳಲ್ಲಿ ಆ ನೆನಪು ಕಾಣಲಿಲ್ಲ. ಅಮೆರಿಕದ ರೆಬೆಕಾ ಗೋಮೆಜ್ ಮತ್ತು ಸಂಗಡಿಗರು 2006ರಲ್ಲಿ ಹದಿನೈದು ತಿಂಗಳ ಮಕ್ಕಳಿಗೆ ಕೃತಕ ಭಾಷೆಯೊಂದನ್ನು ಕೇಳಿಸಿ ನೋಡಿದಾಗ, ನಡುವೆ ಮಲಗಿದ್ದ ಮಕ್ಕಳು ಆ ಭಾಷೆಯ ಒಳನಿಯಮವನ್ನು ಹೊಸ ಮಾತುಗಳಲ್ಲೂ ಗುರುತಿಸಿದರು. ಆಟಿಕೆ ತೋರಿಸುವುದು, ಮಾತನಾಡಿಸುವುದು, ಹಾಡಿ ಆಡಿಸುವುದು ಕಲಿಕೆಯಾದರೆ, ಅದಾದ ಮೇಲಿನ ನಿದ್ದೆ ಆ ಕಲಿಕೆಯ ಮುಂದುವರಿಕೆ. ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳಿಗಾಗಿ ಕೇಂದ್ರ ಸರ್ಕಾರ 2024ರಲ್ಲಿ ನವಚೇತನ ಎಂಬ ಚೌಕಟ್ಟನ್ನು ಹೊರತಂದಿತು. ಅಂಥ ಚೌಕಟ್ಟುಗಳನ್ನು ಆಚರಣೆಗೆ ತರುವವರು ಆಟದಷ್ಟೇ ಗಂಭೀರವಾಗಿ ನಿದ್ದೆಯನ್ನೂ ಎಣಿಸಬೇಕು.

ಈಗ ಮೂರನೆಯ ಭಾಗ, ಮಲಗಿಸುವ ಕ್ರಮ. ಇಲ್ಲಿ ಗಡಿಯಾರ ಬೇರೆ, ಕ್ರಮ ಬೇರೆ ಎಂಬುದನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಒಂದು ವರ್ಷದೊಳಗಿನ ಕೂಸಿಗೆ ಗಡಿಯಾರ ಸಡಿಲವಾಗಿರಲಿ, ಕ್ರಮ ಬಿಗಿಯಾಗಿರಲಿ. ಇಂತಿಷ್ಟು ಗಂಟೆಗೆ ಎಂಬುದು ದಿನದಿಂದ ದಿನಕ್ಕೆ ಬದಲಾಗಬಹುದು. ಇದಾದ ಮೇಲೆ ಇದು ಎಂಬುದು ಬದಲಾಗಬಾರದು. ಜೋಡಿ ಮಿಂಡೆಲ್ ಮತ್ತು ಅವರ ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 405 ತಾಯಂದಿರು ತಮ್ಮ ಮಕ್ಕಳೊಂದಿಗೆ ಪಾಲ್ಗೊಂಡರು. ಸ್ನಾನ, ಮೈ ನೀವುವುದು, ಆಮೇಲೆ ಲಾಲಿಯಂಥ ಶಾಂತ ಚಟುವಟಿಕೆ, ಹೀಗೆ ರಾತ್ರಿ ಒಂದೇ ಕ್ರಮವನ್ನು ಪಾಲಿಸಿದ ಮನೆಗಳಲ್ಲಿ ಮಕ್ಕಳು ಬೇಗ ನಿದ್ದೆ ಹೋದರು, ನಡುವೆ ಏಳುವುದು ಕಡಿಮೆಯಾಯಿತು, ತಾಯಂದಿರ ಮನಸ್ಸೂ ಹಗುರವಾಯಿತು. ಅದು ರಾತ್ರಿಯ ನಿದ್ದೆಯ ಅಧ್ಯಯನ ನಿಜ. ಆದರೆ ಮುಂದೇನೆಂದು ತಿಳಿದಾಗ ಕೂಸು ಶಾಂತವಾಗುತ್ತದೆ ಎಂಬ ಅದರ ತಿರುಳು ಹಗಲಿಗೂ ಸಲ್ಲುತ್ತದೆ. ನಮ್ಮ ಮನೆಗಳಿಗೆ ಇದು ಹೊಸದೇನಲ್ಲ. ಎಣ್ಣೆ ಹಚ್ಚಿ, ನೀರೆರೆದು, ಹಾಲು ಕುಡಿಸಿ, ತೊಟ್ಟಿಲಿಗೆ ಹಾಕಿ ಜೋಗುಳ ಹಾಡುವ ಅಜ್ಜಿಯರು ಪಾಲಿಸುತ್ತಿದ್ದುದು ಇಂಥದೇ ಕ್ರಮವನ್ನು. ಕೇಂದ್ರದಲ್ಲಿ ಸ್ನಾನ ಸಾಧ್ಯವಿಲ್ಲದಿರಬಹುದು. ಒದ್ದೆ ಬಟ್ಟೆ ಬದಲಿಸುವುದು, ಮುಖ ಕೈಕಾಲು ಒರೆಸುವುದು, ಹಾಲು, ಕಿಟಕಿಯ ಪರದೆ ಅರ್ಧ ಎಳೆಯುವುದು, ಅದೇ ದನಿಯಲ್ಲಿ ಅದೇ ಹಾಡು, ಕಣ್ಣು ತೂಗತೊಡಗಿದಾಗ ಹಾಸಿಗೆ, ಇಷ್ಟು ಎಲ್ಲ ಕೇಂದ್ರಗಳಲ್ಲೂ ಸಾಧ್ಯ.

ಅದೇ ದನಿ ಎಂದೆ. ಅದರ ಮಹತ್ವವನ್ನು ಸಂಸ್ಥೆಯ ಮಟ್ಟದಲ್ಲಿ ತೋರಿಸಿಕೊಟ್ಟವರಲ್ಲಿ ಹಂಗೆರಿಯ ಮಕ್ಕಳ ವೈದ್ಯೆ ಎಮಿ ಪಿಕ್ಲರ್ ಪ್ರಮುಖರು. ಎರಡನೆಯ ಮಹಾಯುದ್ಧದ ನಂತರ, 1946ರಲ್ಲಿ, ಬುಡಾಪೆಸ್ಟಿನ ಲೋಟ್ಸಿ ಬೀದಿಯಲ್ಲಿ ಅವರು ಆರಂಭಿಸಿದ ಶಿಶುನಿಲಯದಲ್ಲಿ ಪ್ರತಿ ಕೂಸಿಗೂ ಮುಖ್ಯವಾಗಿ ನೋಡಿಕೊಳ್ಳುವ ಒಬ್ಬ ದಾದಿ ಇರುತ್ತಿದ್ದಳು. ಬಟ್ಟೆ ಬದಲಿಸುವುದನ್ನೂ ಉಣಿಸುವುದನ್ನೂ ಅವಸರವಿಲ್ಲದೆ, ಕೂಸಿಗೆ ಹೇಳಿ ಕೇಳಿ ಮಾಡಬೇಕೆಂಬುದು ಅಲ್ಲಿನ ನಿಯಮವಾಗಿತ್ತು. ಸಂಸ್ಥೆಯಲ್ಲಿ ಬೆಳೆಯುವ ಮಕ್ಕಳೆಲ್ಲ ಕುಗ್ಗುತ್ತಾರೆಂಬ ಅಂದಿನ ನಂಬಿಕೆಗೆ ಆ ನಿಲಯ ಉತ್ತರವಾಯಿತು. ನಮ್ಮ ಕೇಂದ್ರಗಳು ಇದರಿಂದ ಕಲಿಯಬಹುದಾದದ್ದು ಸರಳ: ಇಂಥ ಕೂಸನ್ನು ಇಂಥವರೇ ಮಲಗಿಸಬೇಕೆಂದು ಗೊತ್ತು ಮಾಡುವುದು. ಅವರು ಬೆಳಿಗ್ಗೆ ತಾಯಿಯನ್ನು ಮೂರು ಪ್ರಶ್ನೆ ಕೇಳಲಿ: ರಾತ್ರಿ ಹೇಗೆ ಮಲಗಿತ್ತು, ಎಷ್ಟು ಗಂಟೆಗೆ ಎದ್ದಿತು, ಕೊನೆಯ ಹಾಲು ಯಾವಾಗ. ಗೋಡೆಯ ಮೇಲಿನ ಹಾಳೆಯಲ್ಲಿ ಪ್ರತಿ ಕೂಸಿನ ಹೆಸರಿನ ಮುಂದೆ ಮಲಗಿದ ಹೊತ್ತು, ಎದ್ದ ಹೊತ್ತು ಬರೆದಿಡಲಿ. ವಾರ ಕಳೆಯುವಷ್ಟರಲ್ಲಿ ಆ ಹಾಳೆಯೇ ಕೂಸಿನ ನಿದ್ದೆಯ ಲಯವನ್ನು ಹೇಳುತ್ತದೆ. ಆಕಳಿಕೆ, ಕಣ್ಣುಜ್ಜುವುದು, ಕಿವಿ ಎಳೆದುಕೊಳ್ಳುವುದು, ಆಟಿಕೆಯಿಂದ ಮುಖ ತಿರುಗಿಸುವುದು, ಇವು ಅಳುವಿಗೆ ಮೊದಲೇ ಬರುವ ನಿದ್ದೆಯ ಗುರುತುಗಳು. ನಿದ್ದೆಯ ಹಾಳೆಗೆ ಇನ್ನೊಂದು ಪ್ರಯೋಜನವೂ ಉಂಟು. ತಾಯಿ ಹಾಲೂಡಲು ಬಂದಾಗ ಕೂಸು ಗಾಢ ನಿದ್ದೆಯಲ್ಲಿದ್ದರೆ ಆ ಭೇಟಿ ವ್ಯರ್ಥವಾಗುತ್ತದೆ, ಇಲ್ಲವೇ ನಿದ್ದೆ ಮುರಿಯುತ್ತದೆ. ನಿದ್ದೆಯ ಹಾಳೆ ಇದ್ದರೆ ತಾಯಿಯ ಬಿಡುವನ್ನೂ ಕೂಸಿನ ಎಚ್ಚರವನ್ನೂ ಹೊಂದಿಸಬಹುದು. ಕಾನೂನು ಕೊಟ್ಟ ನಾಲ್ಕು ಭೇಟಿಗಳು ಆಗ ಮಾತ್ರ ನಿಜವಾದ ಭೇಟಿಗಳಾಗುತ್ತವೆ.

ನಾಲ್ಕನೆಯ ಭಾಗಕ್ಕೆ, ಅಂದರೆ ಸುರಕ್ಷತೆಗೆ ಬಂದೆವು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಯುರೋಪು, ನ್ಯೂಜಿಲೆಂಡುಗಳ ಸಂಶೋಧಕರು, ಆರೋಗ್ಯವಾಗಿದ್ದ ಕೂಸುಗಳು ನಿದ್ದೆಯಲ್ಲೇ ದಿಢೀರನೆ ಸಾಯುವುದಕ್ಕೂ ಬೋರಲು ಮಲಗಿಸುವುದಕ್ಕೂ ಬಲವಾದ ಸಂಬಂಧವನ್ನು ಕಂಡರು. ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ, ಕೂಸನ್ನು ಅಂಗಾತ ಮಲಗಿಸಿ ಎಂಬ ದೊಡ್ಡ ಪ್ರಚಾರ ನಡೆಯಿತು. ಮುಂದಿನ ವರ್ಷಗಳಲ್ಲಿ ಇಂಥ ಸಾವುಗಳು ಅರ್ಧಕ್ಕಿಂತ ಕೆಳಗಿಳಿದವು. ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಎಚ್ಚರಿಕೆ ಬಂದದ್ದು 2000ದಲ್ಲಿ. ಅಮೆರಿಕದ ವೈದ್ಯೆ ರೇಚಲ್ ಮೂನ್ ಮತ್ತು ಸಂಗಡಿಗರು ಪರಿಶೀಲಿಸಿದ ಪ್ರಕರಣಗಳಲ್ಲಿ ಸುಮಾರು ಐದನೆಯ ಒಂದು ಪಾಲು ಸಾವುಗಳು ಮಕ್ಕಳನ್ನು ಬೇರೆಯವರ ಆರೈಕೆಗೆ ಬಿಟ್ಟ ಕಡೆಗಳಲ್ಲಿ ಆಗಿದ್ದವು. ಮನೆಯಲ್ಲಿ ಅಂಗಾತ ಮಲಗುವ ರೂಢಿಯಿದ್ದ ಕೂಸನ್ನು ಬೇರೆ ಕಡೆ ಬೋರಲು ಹಾಕಿದಾಗ ಅಪಾಯ ಇನ್ನಷ್ಟು ಹೆಚ್ಚುತ್ತದೆ ಎಂಬುದೂ ಅಧ್ಯಯನಗಳಿಂದ ತಿಳಿಯಿತು. ಮನೆಯ ರೂಢಿಯನ್ನು ಕೇಳಿ ತಿಳಿಯುವುದು ಶಿಷ್ಟಾಚಾರದ ಮಾತಷ್ಟೇ ಆಗಿರದೆ ಪ್ರಾಣದ ಪ್ರಶ್ನೆಯಾಗುವುದು ಇಲ್ಲಿಯೇ.

ಆದ್ದರಿಂದ ಕೆಲವು ನಿಯಮಗಳನ್ನು ರಾಜಿಯಿಲ್ಲದೆ ಪಾಲಿಸಬೇಕು. ಒಂದು ವರ್ಷ ತುಂಬುವವರೆಗೆ ಪ್ರತಿ ನಿದ್ದೆಗೂ ಕೂಸನ್ನು ಅಂಗಾತವೇ ಮಲಗಿಸಬೇಕು. ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿ ಇರಬೇಕು. ತಲೆ ಗುಂಡಗಾಗಲೆಂದು ಇಡುವ ಸಾಸಿವೆ ದಿಂಬು, ಮುಖದ ತನಕ ಹೊದಿಸುವ ಕೌದಿ, ಮೆತ್ತನೆಯ ಗೊಂಬೆ ಇವು ಹಾಸಿಗೆಯಲ್ಲಿ ಇರಬಾರದು. ಮಲಗುವ ಕೋಣೆಗೆ ಸಾಂಬ್ರಾಣಿ ಹೊಗೆ, ಸೊಳ್ಳೆ ಬತ್ತಿಯ ಹೊಗೆ ಬೇಡ. ಸೊಳ್ಳೆಗೆ ಪರದೆ ಸಾಕು. ಸೀರೆಯ ಜೋಲಿಯಲ್ಲಿ ಕೂಸಿನ ಬೆನ್ನು ಬಾಗಿ ಗದ್ದ ಎದೆಗೆ ತಾಗಿದರೆ ಉಸಿರಿನ ದಾರಿ ಇಕ್ಕಟ್ಟಾಗುತ್ತದೆ; ಬಟ್ಟೆ ಕುತ್ತಿಗೆಗೆ ಸುತ್ತಿಕೊಳ್ಳುವ ಭಯವೂ ಉಂಟು. ಹೀಗಾಗಿ ಕೇಂದ್ರಗಳಲ್ಲಿ ಜೋಲಿಯ ಬದಲು ಸಮತಟ್ಟು ಹಾಸಿಗೆ ಇರಬೇಕು. ಕೋಣೆಯನ್ನು ಪೂರ್ತಿ ಕತ್ತಲು ಮಾಡದೆ, ತುಟಿಯ ಬಣ್ಣ, ಎದೆಯ ಏರಿಳಿತ ಕಾಣುವಷ್ಟು ಬೆಳಕು ಉಳಿಸಬೇಕು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಒಬ್ಬರು ಪ್ರತಿ ಕೂಸಿನ ಹತ್ತಿರ ಹೋಗಿ ನೋಡಿ ಹಾಳೆಯಲ್ಲಿ ಗುರುತು ಹಾಕಬೇಕು.

ಇನ್ನು ಆಕ್ಷೇಪಣೆಗಳು. ಅಂಗಾತ ಮಲಗಿಸಿದರೆ ಕಕ್ಕಿದ ಹಾಲು ಗಂಟಲಿಗೆ ಸಿಕ್ಕಿಕೊಳ್ಳುವುದಿಲ್ಲವೇ ಎಂದು ತಾಯಂದಿರೂ ಅಜ್ಜಿಯರೂ ಕೇಳುತ್ತಾರೆ. ಭಯ ಸಹಜ, ಆದರೆ ದೇಹರಚನೆ ಬೇರೆಯೇ ಹೇಳುತ್ತದೆ. ಅಂಗಾತ ಮಲಗಿದಾಗ ಶ್ವಾಸನಾಳ ಅನ್ನನಾಳದ ಮೇಲಿರುತ್ತದೆ, ಆದ್ದರಿಂದ ಮೇಲೆ ಬಂದ ಹಾಲು ಶ್ವಾಸನಾಳಕ್ಕೆ ಹೋಗಲು ಮೇಲಕ್ಕೆ ಏರಬೇಕಾಗುತ್ತದೆ. ಅಂಗಾತ ಮಲಗಿಸುವ ರೂಢಿ ಹರಡಿದ ದೇಶಗಳಲ್ಲಿ ಹಾಲು ಸಿಕ್ಕಿ ಸಾಯುವ ಪ್ರಕರಣಗಳು ಹೆಚ್ಚಲಿಲ್ಲ. ತಲೆ ಚಪ್ಪಟೆಯಾಗುವ ಚಿಂತೆಗೆ ಪರಿಹಾರ, ಎಚ್ಚರವಿರುವಾಗ ಕಣ್ಣೆದುರಲ್ಲೇ ಬೋರಲು ಮಲಗಿಸಿ ಆಡಿಸುವುದು. ಹಗಲು ಮಲಗಿಸಿದರೆ ರಾತ್ರಿ ನಮಗೆ ನಿದ್ದೆಯಿಲ್ಲ, ಮಲಗಿಸಬೇಡಿ ಎಂದು ಕೇಳಿಕೊಳ್ಳುವ ಹೆತ್ತವರೂ ಇದ್ದಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಕ್ಯಾರನ್ ಥೋರ್ಪ್ ಮತ್ತು ಸಂಗಡಿಗರು ಆಸ್ಟ್ರೇಲಿಯಾದಿಂದ 2015ರಲ್ಲಿ ಪ್ರಕಟಿಸಿದ ಸಮಗ್ರ ಪರಾಮರ್ಶೆ ಎರಡು ವರ್ಷದ ನಂತರದ ಹಗಲು ನಿದ್ದೆಗೂ ರಾತ್ರಿ ತಡವಾಗಿ ಮಲಗುವುದಕ್ಕೂ ಸಂಬಂಧ ಕಂಡಿತು. ಹಾಗಾಗಿ ನಿದ್ದೆ ಬಾರದ ಮೂರು ನಾಲ್ಕು ವರ್ಷದ ಮಗುವನ್ನು ಗದರಿಸಿ ಚಾಪೆಯ ಮೇಲೆ ಕಟ್ಟಿಹಾಕುವುದು ತಪ್ಪೇ. ಆದರೆ ಆರೆಂಟು ತಿಂಗಳ ಕೂಸಿಗೆ ಈ ತರ್ಕ ಹೊಂದುವುದಿಲ್ಲ. ಹಗಲು ನಿದ್ದೆ ತಪ್ಪಿದ ಕೂಸು ದಣಿವು ಮೀರಿ ರಾತ್ರಿಯೂ ಸರಿಯಾಗಿ ಮಲಗುವುದಿಲ್ಲ. ಎರಡೂ ಪ್ರಸಂಗಗಳಲ್ಲಿ ನಿಯಮ ಒಂದೇ: ವಯಸ್ಸು ಕೇಳುವಷ್ಟು ನಿದ್ದೆ.

ಎಲ್ಲಕ್ಕಿಂತ ಭಾರವಾದ ಆಕ್ಷೇಪಣೆ ಕೇಂದ್ರಗಳಲ್ಲಿ ದುಡಿಯುವವರದು. ಹತ್ತು ಮಕ್ಕಳು, ಒಬ್ಬಳೋ ಇಬ್ಬರೋ ಆರೈಕೆದಾರರು. ಒಂದೊಂದು ಕೂಸಿಗೆ ಒಂದೊಂದು ಹೊತ್ತೆಂದರೆ ಅಡುಗೆ, ದಾಖಲೆ, ಸ್ವಚ್ಛತೆ ಯಾವಾಗ? ಈ ಪ್ರಶ್ನೆಯಲ್ಲಿ ಸೋಮಾರಿತನವಿಲ್ಲ, ಅನುಭವವಿದೆ. ಸ್ವಲ್ಪ ಮಟ್ಟಿಗೆ ಇದನ್ನು ಏರ್ಪಾಡಿನಿಂದಲೇ ಸುಧಾರಿಸಬಹುದು. ಒಂದೇ ವಯಸ್ಸಿನ ಕೂಸುಗಳ ಲಯ ಹತ್ತಿರ ಹತ್ತಿರ ಇರುವುದರಿಂದ ಬೆಳಗಿನ ನಿದ್ದೆಗೆ ಎಳೆಯ ಕೂಸುಗಳ ಗುಂಪು, ಮಧ್ಯಾಹ್ನಕ್ಕೆ ಎಲ್ಲರೂ, ಸಂಜೆಯ ಚಿಕ್ಕ ನಿದ್ದೆಗೆ ಮತ್ತೆ ಎಳೆಯರು ಎಂದು ಹಂಚಿದರೆ ಗೊಂದಲ ತಗ್ಗುತ್ತದೆ. ಉಳಿದದ್ದನ್ನು ಏರ್ಪಾಡು ತೀರಿಸಲಾರದು. ಅದಕ್ಕೆ ಕೈಗಳೇ ಬೇಕು. ಮಕ್ಕಳು ಮಲಗಿದಾಗ ನಿಮಗೆ ಬಿಡುವು ತಾನೇ ಎಂದು ದಾಖಲೆ ಪುಸ್ತಕಗಳನ್ನೂ ಸಮೀಕ್ಷೆಗಳನ್ನೂ ಆ ಹೊತ್ತಿಗೇ ತುರುಕುವ ಆಡಳಿತ, ಮಲಗಿದ ಕೂಸನ್ನು ಕಾಯುವುದು ಕೆಲಸವೆಂದು ಒಪ್ಪಿಲ್ಲ ಎಂದೇ ಅರ್ಥ. ಆರೈಕೆದಾರಳಿಗೂ ವಿಶ್ರಾಂತಿ ಬೇಕು, ಆದರೆ ಅದನ್ನು ಇನ್ನೊಬ್ಬರನ್ನು ನೇಮಿಸಿ ಕೊಡಬೇಕು. ಕೂಸಿನ ನಿದ್ದೆಯಿಂದ ಕಡಿದು ಕೊಡಬಾರದು.

ಈ ಉಪನ್ಯಾಸವನ್ನು ಮನವಿಯೊಂದಿಗೆ ಮುಗಿಸುತ್ತೇನೆ. ಸರ್ಕಾರ ಮತ್ತು ಸಂಸ್ಥೆಗಳಲ್ಲಿ ನನ್ನ ಕೋರಿಕೆ: ನಿದ್ದೆಯ ಮೇಲ್ವಿಚಾರಣೆಯನ್ನು ಆರೈಕೆದಾರರ ಕೆಲಸದ ಪಟ್ಟಿಯಲ್ಲಿ ಬರೆಯಿರಿ, ಅದಕ್ಕೆ ತರಬೇತಿ ಕೊಡಿ, ಮಕ್ಕಳು ಮಲಗಿದ ಹೊತ್ತಿನಲ್ಲಿ ಬೇರೆ ಕೆಲಸ ಹೊರಿಸಬೇಡಿ. ಕಾರ್ಖಾನೆ, ಕಚೇರಿ, ತೋಟಗಳ ಆಡಳಿತದವರೇ, ಕೋಣೆ ತೋರಿಸಿ ತಪಾಸಣೆ ಮುಗಿಸಬೇಡಿ. ಗಟ್ಟಿಯಾದ ಚಿಕ್ಕ ಹಾಸಿಗೆಗಳನ್ನೂ ಎಳೆಯರಿಗೆಂದೇ ಒಬ್ಬ ಆರೈಕೆದಾರಳನ್ನೂ ಕೊಡಿ. ಹೆತ್ತವರೇ, ನಿಮ್ಮ ಕೂಸಿನ ನಿದ್ದೆಯ ರೂಢಿಯನ್ನು ಕೇಂದ್ರದವರಿಗೆ ಹೇಳಿ, ಸಂಜೆ ಅವರ ಹಾಳೆಯನ್ನು ಕೇಳಿ ನೋಡಿ. ಆರೈಕೆದಾರರೇ, ಮಲಗಿದ ಕೂಸಿನ ಪಕ್ಕದಲ್ಲಿ ಎಚ್ಚರವಿರುವ ನಿಮ್ಮ ಒಂದು ಗಂಟೆ, ಅದಕ್ಕೆ ಉಣಿಸುವ, ಆಡಿಸುವ ಗಂಟೆಯಷ್ಟೇ ದುಡಿಮೆ. ಅದನ್ನು ದುಡಿಮೆಯೆಂದೇ ಕೇಳಿ ಪಡೆಯಿರಿ. ಆ ಬೇಡಿಕೆಯಲ್ಲಿ ಈ ಸಭೆಯಲ್ಲಿರುವ ನಾವೆಲ್ಲರೂ ನಿಮ್ಮ ಜೊತೆ ನಿಲ್ಲಬೇಕು.